ಜೋಶುವಾ ಟ್ರೀ ಕ್ಯಾಂಪಿಂಗ್: ನಲ್ಲಿಯೇ ಇಲ್ಲದ ಕಡೆ ಆರು ಜನಕ್ಕೆ ಎಷ್ಟು ನೀರು ಹೊತ್ತುಕೊಂಡು ಹೋಗಬೇಕು?

ಹಾಸನದ ಮಗಳು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿರೋ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್‌ನ ಜಂಬೋ ರಾಕ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ರಾತ್ರಿಗೆ ಜಾಗ ಸಿಕ್ಕಿದೆ. ನಾವು ಆರು ಜನ. ನಾನು, ನಮ್ಮೆಜಮಾನ್ರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಊರಿಂದ ಬಂದಿರೋ ಅಪ್ಪ ಅಮ್ಮ. ಅಲ್ಲಿ ಕುಡಿಯೋ ನೀರಿಲ್ಲ ಅಂತ ಬುಕಿಂಗ್ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದಕ್ಕೇ ಮೊದಲೇ ಕೇಳ್ತಿದ್ದೀನಿ.

ಹೋದ ವರ್ಷ ಅಕ್ಟೋಬರ್‌ನಲ್ಲಿ ಬೆಟ್ಟದ ಮೇಲಿನ ಒಂದು ಸರ್ಕಾರಿ ಕ್ಯಾಂಪ್‌ಗ್ರೌಂಡಿಗೆ ಹೋಗಿದ್ವಿ. ಅಲ್ಲಿ ಕುಡಿಯೋ ನೀರು ಇದೆ ಅಂತಲೇ ಬರೆದಿತ್ತು. ಸಂಜೆ ಕತ್ತಲಾಗೋ ಹೊತ್ತಿಗೆ ತಲುಪಿದಾಗ ನಲ್ಲಿಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ್ರು. ಕಾರಿನಲ್ಲಿ ಇದ್ದಿದ್ದು ಹತ್ತು ಹನ್ನೊಂದು ಲೀಟರ್. ಹತ್ತಿರದ ಅಂಗಡಿಗೆ ನಲವತ್ತು ನಿಮಿಷದ ಘಟ್ಟದ ದಾರಿ, ಅದೂ ಮುಚ್ಚಿತ್ತು. ಅನ್ನ ಸಾರು ಮಾಡೋ ಯೋಚನೆ ಬಿಟ್ಟು ಬ್ರೆಡ್ ತಿಂದ್ವಿ. ನಾನು ಮಕ್ಕಳಿಗೆ ಲೋಟದಲ್ಲಿ ಅಳೆದು ನೀರು ಕೊಟ್ಟೆ. ಬೆಳಗ್ಗೆ ಎದ್ದು ವಾಪಸ್ ಬಂದ್ವಿ. ಮಗಳು "ಅಮ್ಮ, ಇನ್ನೊಂದು ಗುಟುಕು" ಅಂದಿದ್ದು ಇವತ್ತಿಗೂ ಮರೆತಿಲ್ಲ. ಈ ಸಲ ಅಪ್ಪ ಅಮ್ಮ ಬೇರೆ ಜೊತೆಗಿದ್ದಾರೆ. ಇಬ್ಬರೂ ಬಿಪಿ ಮಾತ್ರೆ ತಗೋತಾರೆ.

ಎಷ್ಟು ಲೀಟರ್ ಬೇಕು? ಪಾರ್ಕ್ ಒಳಗೆ ಎಲ್ಲಾದ್ರೂ ಮತ್ತೆ ತುಂಬಿಸ್ಕೋಬಹುದಾ? ಫಿಲ್ಟರ್ ಕೊಂಡ್ಕೊಂಡ್ರೆ ಉಪಯೋಗ ಇದೆಯಾ? ಅಮ್ಮ ಕುದಿಸದ ನೀರು ಕುಡಿಯೋಲ್ಲ, ಅದೂ ಒಂದು.

ಮರಳುಗಾಡಿನ ದಾರಿ:

ಜೋಶುವಾ ಟ್ರೀಗೆ ನಾನು ಏಳು ಸಲ ಹೋಗಿದ್ದೀನಿ, ಆದ್ದರಿಂದ ಇದಕ್ಕೆ ಉತ್ತರಿಸಬಲ್ಲೆ. ಆ ಪಾರ್ಕ್‌ನ ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿ ನೀರಿರುವುದು ಎರಡೇ ಕಡೆ: ವಾಯವ್ಯ ಮೂಲೆಯ ಬ್ಲ್ಯಾಕ್ ರಾಕ್, ದಕ್ಷಿಣದ ಕಾಟನ್‌ವುಡ್. ಜಂಬೋ ರಾಕ್ಸ್, ಹಿಡನ್ ವ್ಯಾಲಿ, ರಯಾನ್, ಬೆಲ್, ವೈಟ್ ಟ್ಯಾಂಕ್ ಇವುಗಳಲ್ಲಿ ಒಂದು ಹನಿಯೂ ಇಲ್ಲ. ಇಂಡಿಯನ್ ಕೋವ್ ಕ್ಯಾಂಪಿನೊಳಗೂ ಇಲ್ಲ, ಅದರ ದಾರಿಯಲ್ಲಿರುವ ರೇಂಜರ್ ಠಾಣೆಯಲ್ಲಿ ಸಿಗುತ್ತದೆ. ನಿಮಗೆ ಅನುಕೂಲದ ಜಾಗ ಪಶ್ಚಿಮ ಪ್ರವೇಶದ್ವಾರ. ಅಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳಬಹುದು. ಆದರೆ ಜಂಬೋ ರಾಕ್ಸ್‌ನಿಂದ ಅಲ್ಲಿಗೆ ಹೋಗಲು ಸುಮಾರು ಅರ್ಧ ಗಂಟೆ, ಬರಲು ಇನ್ನರ್ಧ ಗಂಟೆ. ಡಿಸೆಂಬರ್ ಕೊನೆಯ ವಾರ ಎಂದರೆ ಗೇಟಿನಲ್ಲಿ ಕಾರುಗಳ ಸಾಲು ಉದ್ದ. ಅದನ್ನೇ ನೆಚ್ಚಿಕೊಂಡು ಹೋಗಬೇಡಿ.

ಪಾರ್ಕ್ ಒಳಗೆ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಯಕ್ಕಾ ವ್ಯಾಲಿ, ಜೋಶುವಾ ಟ್ರೀ ಊರು ಅಥವಾ ಟ್ವೆಂಟಿನೈನ್ ಪಾಮ್ಸ್, ನೀವು ಯಾವ ಕಡೆಯಿಂದ ಬರುತ್ತೀರೋ ಆ ಕೊನೆಯ ಊರಿನಲ್ಲೇ ಕ್ಯಾನ್ ತುಂಬಿಸಿ. ಮನೆಯಿಂದಲೇ ತುಂಬಿಕೊಂಡು ಬಂದರೆ ಇನ್ನೂ ನಿಶ್ಚಿಂತೆ.

ಲೆಕ್ಕ ಹೀಗೆ. ಪಾರ್ಕ್‌ನವರು ಹೇಳುವ ಕನಿಷ್ಠ ಪ್ರಮಾಣ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಬೆಟ್ಟ ಹತ್ತಿ ಇಳಿಯುವ ದಿನ ಅದರ ಎರಡರಷ್ಟು. ಎರಡು ರಾತ್ರಿ ಅಂದರೂ ಮೂರು ಹಗಲು ಬರುತ್ತದೆ. ಆರು ಜನ, ಮೂರು ದಿನ, ನಾಲ್ಕು ಲೀಟರ್ ಎಂದರೆ 72 ಲೀಟರ್. ಐದು ಗ್ಯಾಲನ್‌ನ ಕ್ಯಾನ್ ಒಂದಕ್ಕೆ 19 ಲೀಟರ್ ಹಿಡಿಸುತ್ತದೆ, ನಾಲ್ಕು ಕ್ಯಾನ್ ಬೇಕು. ತುಂಬಿದ ಕ್ಯಾನ್ 19 ಕಿಲೋಗಿಂತ ಹೆಚ್ಚು ತೂಗುತ್ತದೆ, ಅಪ್ಪನ ಕೈಲಿ ಎತ್ತಿಸಬೇಡಿ.

ಫಿಲ್ಟರ್ ಈ ಪ್ರವಾಸಕ್ಕೆ ಬೇಡ. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಬಾರ್ಕರ್ ಡ್ಯಾಮ್ ಹತ್ತಿರ ಮಳೆ ನೀರು ನಿಂತಿದ್ದರೂ ಅದು ಕಾಡುಪ್ರಾಣಿಗಳಿಗೆ ಮೀಸಲು, ನಾವು ತೆಗೆಯುವ ಹಾಗಿಲ್ಲ.

ಟೆಂಟು ಮತ್ತು ತಂಬಿಟ್ಟು:

ಅಕ್ಕಾ, ಮೇಲಿನವರ 72 ಲೀಟರ್ ಲೆಕ್ಕ ಸರಿ, ಆದ್ರೆ ಅದು ನಮ್ಮ ಮನೆಗಳಿಗೆ ಸಾಲಲ್ಲ. ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಹೇಳ್ತೀನಿ. ಜಂಬೋ ರಾಕ್ಸ್‌ನಲ್ಲಿ ಇರೋದು ಗುಂಡಿ ಟಾಯ್ಲೆಟ್. ಫ್ಲಶ್ ಇಲ್ಲ, ಕೈ ತೊಳೆಯೋ ಬೇಸಿನ್ ಇಲ್ಲ, ನಲ್ಲಿ ಇಲ್ಲ. ಪೇಪರ್ ಇರತ್ತೆ ಅಷ್ಟೆ. ನಮ್ಮ ಅತ್ತೆ ಮಾವ ಮೊದಲ ಸಲ ಬಂದಾಗ ಇದನ್ನ ನಾನು ಮುಂಚೆ ಹೇಳಿರಲಿಲ್ಲ. ಅತ್ತೆ ಸಂಕೋಚಕ್ಕೆ ಯಾರ ಹತ್ತಿರಾನೂ ನೀರು ಕೇಳಲಿಲ್ಲ. ಕುಡಿಯೋ ನೀರು ಮುಟ್ಟೋಕೆ ಅವರಿಗೆ ಮನಸ್ಸು ಬರಲಿಲ್ಲ. ಇಡೀ ದಿನ ಊಟ ನೀರು ಎರಡೂ ಕಡಿಮೆ ಮಾಡಿದ್ರು. ಸಂಜೆಗೆ ತಲೆ ಸುತ್ತು ಬಂದು ಕೂತ್ಕೊಂಡಾಗಲೇ ನಮಗೆ ಗೊತ್ತಾಗಿದ್ದು. ಆ ದಿನ ನನಗೆ ಆದ ಸಂಕಟ ಇನ್ನೊಬ್ಬರಿಗೆ ಆಗಬಾರದು.

ಅದಕ್ಕೆ ಈಗ ನಾವು ತೊಳೆಯೋದಕ್ಕೆ ಅಂತಲೇ ಬೇರೆ ಕ್ಯಾನ್ ಇಡ್ತೀವಿ, ಬೇರೆ ಬಣ್ಣದ್ದು, ಕೆಳಗಡೆ ತಿರುಪು ನಲ್ಲಿ ಇರೋದು. ಅದರ ಪಕ್ಕ ಒಂದು ಪ್ಲಾಸ್ಟಿಕ್ ಚೊಂಬು, ಸೋಪು. ಪ್ರತಿ ಸಲ ಒಬ್ಬರಿಗೆ ಒಂದು ಲೀಟರ್ ಅಂತ ಲೆಕ್ಕ. ಕ್ಯಾಂಪ್ ಹಾಕಿದ ತಕ್ಷಣ ಅಪ್ಪ ಅಮ್ಮನಿಗೆ ಕರೆದು ತೋರಿಸಿಬಿಡಿ, "ಇದು ತೊಳೆಯೋಕೆ, ಎಷ್ಟು ಬೇಕಾದ್ರೂ ತಗೊಳ್ಳಿ, ಕೇಳೋದೇ ಬೇಡ" ಅಂತ. ಆರು ಜನಕ್ಕೆ ಮೂರು ದಿನಕ್ಕೆ ಇದಕ್ಕೇ ಒಂದೂವರೆ ಕ್ಯಾನ್ ಆಗತ್ತೆ. ರಾತ್ರಿ ಎದ್ದು ಹೋಗಬೇಕಾಗತ್ತೆ ಅಂತ ಹಿರಿಯರು ಸಂಜೆಯಿಂದಲೇ ನೀರು ಬಿಟ್ಟುಬಿಡ್ತಾರೆ, ಅದರ ಮೇಲೂ ಕಣ್ಣಿಡಿ. ಮರಳುಗಾಡಿನ ಚಳಿಯಲ್ಲಿ ಬೆವರೇ ಬರಲ್ಲ, ಬಾಯಾರಿಕೆ ಗೊತ್ತಾಗಲ್ಲ, ಆದ್ರೂ ಒಣಹವೆಗೆ ಮೈ ಒಣಗತ್ತೆ.

ಅಡುಗೆ ವಿಷಯ ಮತ್ತೆ ಬರೀತೀನಿ, ಮಗು ಎದ್ದಿದೆ.

ಹಾಸನದ ಮಗಳು:

ನಿಜ ಹೇಳ್ಬೇಕಂದ್ರೆ ಟಾಯ್ಲೆಟ್ ವಿಷಯ ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಗದಗದಾಂವ:

ಅಕ್ಕಾರ, ನೀರ ಇಲ್ಲದ ಊರಾಗ ಬೆಳದಾಂವ ನಾ. ನಮ್ಮನ್ಯಾಗ ಕೊಡಾ ಎಣಿಸಿ ದಿನಾ ತಗೀತಿದ್ರು, ಹಂಗಾಗಿ ಈ ಲೆಕ್ಕ ನನಗ ಹೊಸಾದಲ್ಲ. ಒಂದ ಮಾತ ನೆನಪ ಇಡ್ರಿ. ಎಲ್ಲಾ ನೀರ ಒಂದ ದೊಡ್ಡ ಡಬ್ಬಿಯೊಳಗ ತುಂಬಬ್ಯಾಡ್ರಿ. ಅದು ಸೋರಿದ್ರ ಎಲ್ಲಾ ಹೋತು. ನಮ್ಮ ಗೆಳ್ಯಾರ ಡಬ್ಬಿ ಕಾರಿನ ಡಿಕ್ಕಿಯೊಳಗ ಒಡದು, ಹಾಸಿಗಿ ಹೊದಿಕಿ ಎಲ್ಲಾ ತೊಯ್ದು, ಕುಡಿಲಿಕ್ಕೂ ನೀರ ಉಳೀಲಿಲ್ಲ. ನಾಕ ಕ್ಯಾನ ಇದ್ರ ನಾಕ ಕಡೆ ಇಡ್ರಿ. ಇನ್ನ ಬೆಂಕಿ ಹಾಕವ್ರಿದ್ರ ಆರಸಾಕ ನಾಕೈದು ಲೀಟರ್ ಬ್ಯಾರೆ ಇರಲಿ. ಮರಳ ಮುಚ್ಚಿ ಬಿಟ್ರ ಕೆಂಡ ಒಳಗ ಹಂಗ ಇರತೈತಿ, ಮುಂಜಾನೆ ಹುಡುಗೂರು ಕಾಲಿಟ್ರ ಸುಡತೈತಿ.

ನಿವೃತ್ತ ಹೋಸ್ಟ್:

ತಾಯಿ, ಹೋದ ವರ್ಷದ ನಿಮ್ಮ ಅನುಭವ ಓದಿ ಬೇಸರವಾಯಿತು. ನಿವೃತ್ತಿಯ ನಂತರ ಎರಡು ಬೇಸಿಗೆ ನಾನು ಗುಡ್ಡಗಾಡಿನ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಹೋಸ್ಟ್ ಆಗಿ, ಅಂದರೆ ಅಲ್ಲೇ ಉಳಿದು ಬಂದವರನ್ನು ನೋಡಿಕೊಳ್ಳುವವನಾಗಿ, ಸ್ವಯಂಸೇವೆ ಮಾಡಿದ್ದೇನೆ. ನಲ್ಲಿ ಯಾಕೆ ಮುಚ್ಚುತ್ತಾರೆ ಎನ್ನುವುದು ತಿಳಿದರೆ ಮುಂದೆ ಊಹಿಸಲು ಸುಲಭ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎತ್ತರದ ಜಾಗಗಳಲ್ಲಿ ಪೈಪು ಆಳದಲ್ಲಿ ಹೂತಿರುವುದಿಲ್ಲ. ಒಳಗೆ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪು ಸೀಳುತ್ತದೆ. ಹೀಗಾಗಿ ಮೊದಲ ಗಟ್ಟಿ ಚಳಿಗೆ ಮುಂಚೆಯೇ ಇಡೀ ಕೊಳವೆ ಸಾಲನ್ನು ಬರಿದು ಮಾಡುತ್ತಾರೆ. ಜಾಗ ಬಾಡಿಗೆಗೆ ಇನ್ನೂ ತೆರೆದಿರುತ್ತದೆ, ನೀರು ಮಾತ್ರ ಇರುವುದಿಲ್ಲ. ಬುಕಿಂಗ್ ಪುಟದ ಸೌಲಭ್ಯಗಳ ಪಟ್ಟಿ ಇಡೀ ವರ್ಷಕ್ಕೆ ಬರೆದದ್ದು. ಅಂದಿನ ಸ್ಥಿತಿ ಇರುವುದು ಪುಟದ ಮೇಲ್ಭಾಗದ ಸೂಚನೆಗಳಲ್ಲಿ, ಇಲ್ಲವೇ ಆ ಪ್ರದೇಶದ ರೇಂಜರ್ ಕಚೇರಿಯ ಫೋನಿನಲ್ಲಿ. ಹೊರಡುವ ಹಿಂದಿನ ದಿನ ಫೋನ್ ಮಾಡಿ "ಇವತ್ತು ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಅದು ಕುಡಿಯಲು ಯೋಗ್ಯವೇ" ಎಂದು ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ಎರಡಕ್ಕೂ ಉತ್ತರ ಒಂದೇ ಆಗಿರಬೇಕೆಂದಿಲ್ಲ.

ವಸಂತದಲ್ಲೂ ಹೀಗೇ. ಮಂಜು ಕರಗಿದ ಮರುದಿನವೇ ನೀರು ಬಿಡುವ ಹಾಗಿಲ್ಲ. ಅಮೆರಿಕದ 1974ರ ಸುರಕ್ಷಿತ ಕುಡಿಯುವ ನೀರಿನ ಕಾನೂನಿನ ಪ್ರಕಾರ, ವರ್ಷದಲ್ಲಿ 60 ದಿನವಾದರೂ 25 ಜನಕ್ಕೆ ನೀರು ಕೊಡುವ ವ್ಯವಸ್ಥೆ ಸಾರ್ವಜನಿಕ ನೀರು ಪೂರೈಕೆ ಎನಿಸಿಕೊಳ್ಳುತ್ತದೆ. ಕ್ಯಾಂಪ್‌ಗ್ರೌಂಡಿನ ಒಂದು ಬೋರ್‌ವೆಲ್ಲೂ ಇದರೊಳಗೆ ಬರಬಹುದು. ಋತು ಶುರುವಾಗುವ ಮುನ್ನ ಪೈಪುಗಳನ್ನು ತೊಳೆದು, ಕ್ಲೋರಿನ್ ಹಾಯಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ನೀರು ಕಲುಷಿತವಾಗಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಲ್ಲವೆಂದು ಖಾತ್ರಿಯಾಗಬೇಕು. ಮಾದರಿಯಲ್ಲಿ ದೋಷ ಕಂಡರೆ ಮತ್ತೆ ಮೊದಲಿನಿಂದ. ಜನ ಬಂದು "ನಲ್ಲಿ ಇದೆ, ತಿರುಗಿಸಿದರೆ ನೀರೂ ಬರುತ್ತದೆ, ಯಾಕೆ ಬೋರ್ಡ್ ಹಾಕಿದ್ದೀರಿ" ಎಂದು ಕೋಪ ಮಾಡಿಕೊಳ್ಳುತ್ತಿದ್ದರು. ಅವರಿಗೆ ನಾನು ಒರೆಗಾನ್‌ನ ಕ್ರೇಟರ್ ಲೇಕ್ ಪಾರ್ಕ್‌ನ ಕಥೆ ಹೇಳುತ್ತಿದ್ದೆ. 1975ರ ಬೇಸಿಗೆಯಲ್ಲಿ ಅಲ್ಲಿ ಕೊಳಚೆ ನೀರು ಕುಡಿಯುವ ನೀರಿನ ಚಿಲುಮೆಗೆ ಸೇರಿ, ಸಾವಿರಕ್ಕೂ ಹೆಚ್ಚು ಜನ ಹೊಟ್ಟೆ ಕೆಟ್ಟು ಮಲಗಿದರು. ಪಾರ್ಕನ್ನೇ ಮುಚ್ಚಬೇಕಾಯಿತು. ಅದು ತಿಳಿ ನೀರಿಗೇ ಹೆಸರಾದ ಜಾಗ.

ಇನ್ನೊಂದು. ಆರ್‌ವಿ ಗಾಡಿಗಳು (ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ವಾಹನಗಳು) ಮಲಿನ ನೀರು ಸುರಿಯುವ ಡಂಪ್ ಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ಎರಡು ನಲ್ಲಿ ಇರುತ್ತವೆ. ಒಂದು ಆ ಕೊಳಕು ಮೆದುಗೊಳವೆ ತೊಳೆಯುವುದಕ್ಕೆ, ಇನ್ನೊಂದು ಸ್ವಲ್ಪ ದೂರದಲ್ಲಿ ಕುಡಿಯುವ ನೀರಿಗೆ. ಬೋರ್ಡ್ ಓದದೆ ಬಾಟಲಿ ಹಿಡಿದು ನಿಂತವರನ್ನು ನಾನು ಎಷ್ಟೋ ಸಲ ತಡೆದಿದ್ದೇನೆ. "ನಾನ್ ಪೋಟಬಲ್", ಅಂದರೆ ಕುಡಿಯಲು ಯೋಗ್ಯವಲ್ಲ, ಎಂದಿದ್ದರೆ ಹಲ್ಲುಜ್ಜುವುದಕ್ಕೂ ಬಳಸಬೇಡಿ.

ಬೇ ಏರಿಯಾ ಚಾರಣ:

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ದೊಡ್ಡ ಪಾರ್ಕ್ ಅಂದ್ರೆ ನೀರು ಗ್ಯಾರಂಟಿ ಅಂತ ನಾನೂ ನಂಬಿದ್ದೆ. 2024ರ ಆಗಸ್ಟ್ ಕೊನೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಣಿವೆ ದಾಟಿ ನೀರು ತರೋ ಹನ್ನೆರಡೂವರೆ ಮೈಲಿಯ ಪೈಪ್‌ಲೈನ್ ಹಲವು ಕಡೆ ಒಡೆಯಿತು. ಸೌತ್ ರಿಮ್, ಅಂದ್ರೆ ಕಣಿವೆಯ ದಕ್ಷಿಣ ಅಂಚಿನ ಹೋಟೆಲ್‌ಗಳಲ್ಲಿ ರಾತ್ರಿ ತಂಗೋದನ್ನ ನಿಲ್ಲಿಸಿದ್ರು. ಮೇದರ್ ಕ್ಯಾಂಪ್‌ಗ್ರೌಂಡ್ ತೆರೆದಿತ್ತು, ಆದ್ರೆ ನಲ್ಲಿ ಬಂದ್. ಅದೂ ಲೇಬರ್ ಡೇ ರಜೆಯಲ್ಲಿ. ಆ ಪೈಪು 1960ರ ದಶಕದ್ದು, 2010ರಿಂದೀಚೆಗೆ 85ಕ್ಕೂ ಹೆಚ್ಚು ಸಲ ಒಡೆದಿದೆ. ಅದನ್ನ ಓದಿದ ಮೇಲೆ, ಎಲ್ಲಿಗೇ ಹೋಗ್ಲಿ, ನಲ್ಲಿ ಇರಲಿ ಬಿಡಲಿ, ಮೊದಲ ದಿನದ್ದಷ್ಟು ನೀರು ಕಾರಿನಲ್ಲಿ ಇಟ್ಕೊಂಡೇ ಹೊರಡ್ತೀನಿ.

ತುಂಗಾ ತೀರ:

ಇಷ್ಟೊಂದು ಕ್ಯಾನ್ ಯಾಕೆ ಹೊರಬೇಕು? ಹೊಳೆ ಇರುವ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿ, ನೀರು ತಂದು ಕುದಿಸಿ ಕುಡಿಯಿರಿ. ನಾವು ಮಲೆನಾಡಿನವರು ಹುಟ್ಟಿದಾಗಿನಿಂದ ಹಳ್ಳದ ನೀರು ಕುಡಿದವರು. ಕುದಿಸಿದರೆ ಯಾವ ದೋಷವೂ ಉಳಿಯುವುದಿಲ್ಲ.

ಬೇ ಏರಿಯಾ ಚಾರಣ:

ಕುದಿಸೋದು ಒಳ್ಳೆಯದೇ, ಆದ್ರೆ "ಯಾವ ದೋಷವೂ" ಅನ್ನೋ ಮಾತು ಒಪ್ಪೋಕಾಗಲ್ಲ. ಬ್ಯಾಕ್ಟೀರಿಯಾ, ವೈರಸ್, ಹೊಟ್ಟೆ ಕೆಡಿಸೋ ಪರಾವಲಂಬಿಗಳಾದ ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಮ್ ಎಲ್ಲ ಕುದಿಸಿದ್ರೆ ಸಾಯ್ತಾವೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. 6,500 ಅಡಿಗಿಂತ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯೋದರಿಂದ ಮೂರು ನಿಮಿಷ. ಆದ್ರೆ ಪಾಚಿಯ ಥರ ಬೆಳೆಯೋ ಸಯನೋಬ್ಯಾಕ್ಟೀರಿಯಾ ನೀರಿಗೆ ಬಿಡೋ ವಿಷ ಕುದಿಸಿದ್ರೂ ಹೋಗಲ್ಲ. 2020ರ ಜುಲೈನಲ್ಲಿ ಯೂಟಾದ ಝಯಾನ್ ಪಾರ್ಕ್‌ನ ವರ್ಜಿನ್ ನದಿಯಲ್ಲಿ ಆಡಿದ ನಾಯಿಮರಿ ಸ್ವಲ್ಪ ಹೊತ್ತಿನಲ್ಲೇ ಸತ್ತುಹೋಯ್ತು. ಪರೀಕ್ಷೆ ಮಾಡಿದಾಗ ನೀರಿನಲ್ಲಿ ನರಕ್ಕೆ ಬಡಿಯೋ ವಿಷ ಸಿಕ್ಕಿತು. ಸಾಮಾನ್ಯ ಚಾರಣದ ಫಿಲ್ಟರ್‌ಗಳೂ ಅದನ್ನ ತಡೆಯಲ್ಲ. ಗಣಿ ಇದ್ದ ಜಾಗದ ಲೋಹ, ತೋಟದ ಔಷಧಿ ಕೂಡ ಕುದಿಸಿದ್ರೆ ಹೋಗಲ್ಲ.

ಹೊಳೆ ನೀರು ನಂಬಿ ಹೋಗೋ ಜಾಗಗಳು ಇದ್ದೇ ಇವೆ. ಯೊಸೆಮಿಟಿಯ ಟಮರ್ಯಾಕ್ ಫ್ಲ್ಯಾಟ್, ಯೊಸೆಮಿಟಿ ಕ್ರೀಕ್, ಪಾರ್ಕ್ಯುಪೈನ್ ಫ್ಲ್ಯಾಟ್‌ನಲ್ಲಿ ನಲ್ಲಿ ಇಲ್ಲ, ಪಕ್ಕದ ತೊರೆಯ ನೀರನ್ನ ಶುದ್ಧ ಮಾಡ್ಕೊಂಡೇ ಕುಡಿಯಬೇಕು. ಅಲ್ಲಿಗೆ ನಾನು 0.1 ಮೈಕ್ರಾನ್‌ನಷ್ಟು ಸಣ್ಣ ರಂಧ್ರ ಇರೋ, ಚೀಲ ಹಿಂಡಿ ನೀರು ಹಾಯಿಸೋ ಫಿಲ್ಟರ್ ಒಯ್ತೀನಿ. ಅದಕ್ಕೆ ಜಿಯಾರ್ಡಿಯಾ, ಬ್ಯಾಕ್ಟೀರಿಯಾ ಸಿಕ್ಕಿಬೀಳ್ತಾವೆ, ವೈರಸ್ ನುಸುಳುತ್ತೆ. ಕ್ಲೋರಿನ್ ಮಾತ್ರೆ ಕ್ರಿಪ್ಟೋಸ್ಪೊರಿಡಿಯಮ್ ಮೇಲೆ ಕೆಲಸ ಮಾಡಲ್ಲ. ಕ್ಲೋರಿನ್ ಡಯಾಕ್ಸೈಡ್ ಮಾತ್ರೆ ಮಾಡುತ್ತೆ, ಆದ್ರೆ ನಾಲ್ಕು ಗಂಟೆ ಕಾಯಬೇಕು.

ತುಂಗಾ ತೀರ:

ನಾಯಿಮರಿಯ ವಿಷಯ ಗೊತ್ತಿರಲಿಲ್ಲ. ನಾನು ಮಕ್ಕಳನ್ನು ಹೊಳೆಗೆ ಬಿಡುವವನು, ಇನ್ನು ಮೇಲೆ ಸೂಚನಾ ಫಲಕ ನೋಡಿಯೇ ಬಿಡುತ್ತೇನೆ. ತಿದ್ದಿದ್ದಕ್ಕೆ ಧನ್ಯವಾದ.

ಮರಳುಗಾಡಿನ ದಾರಿ:

ಫಿಲ್ಟರ್ ಇರುವವರಿಗೆ ಒಂದು ಮಾತು: ಒದ್ದೆ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಸಣ್ಣ ಎಳೆಗಳು ಸೀಳಿಹೋಗುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರು ಮಾಮೂಲಿಯಂತೆ ಬರುತ್ತದೆ. ಚಳಿಯ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ.

ಹಾಗೆಯೇ ಜಂಬೋ ರಾಕ್ಸ್ 4,400 ಅಡಿ ಎತ್ತರದಲ್ಲಿದೆ. ಡಿಸೆಂಬರ್ ರಾತ್ರಿ ಕ್ಯಾನಿನ ನಲ್ಲಿ ಹೆಪ್ಪುಗಟ್ಟಿ ಬೆಳಗ್ಗೆ ತಿರುಗುವುದೇ ಇಲ್ಲ. ಮಲಗುವ ಮುನ್ನ ಕಾಫಿಗೆ ಬೇಕಾದ ನೀರನ್ನು ಪಾತ್ರೆಯಲ್ಲಿ ಸ್ಟೌ ಮೇಲೆ ಇಟ್ಟುಬಿಡಿ. ಮೇಲೆ ಮಂಜುಗಡ್ಡೆಯ ಪದರ ಕಟ್ಟಿದರೂ ಹಾಗೇ ಒಲೆ ಹಚ್ಚಬಹುದು. ಬೇಸಿಗೆಯಲ್ಲಿ ಹೋಗುವವರಿಗೆ ತೊಂದರೆ ಬೇರೆ: ತೆರೆದ ನೀರಿಗೆ ಜೇನ್ನೊಣ ಮುತ್ತುತ್ತವೆ. ಚೊಂಬಿನಲ್ಲಿ ನೀರು ಬಿಟ್ಟು ಹೋಗಬೇಡಿ.

ಟೆಂಟು ಮತ್ತು ತಂಬಿಟ್ಟು:

ಅಡುಗೆ ಬಾಕಿ ಇತ್ತು. ಅಮ್ಮನಿಗೆ ಕುದಿಸಿದ ನೀರು ಬೇಕಲ್ವಾ, ಊರಿನ ನಲ್ಲಿಯಿಂದ ತಂದ ನೀರನ್ನ ಅಲ್ಲಿ ಕುದಿಸಿ ಗ್ಯಾಸ್ ಖಾಲಿ ಮಾಡ್ಬೇಡಿ. ಮನೆಯಲ್ಲೇ ಹಿಂದಿನ ರಾತ್ರಿ ಜೀರಿಗೆ ಹಾಕಿ ಕುದಿಸಿ, ಆರಿಸಿ, ಅವರಿಬ್ಬರಿಗೆ ಅಂತ ಒಂದು ಕ್ಯಾನ್ ತುಂಬಿಸಿ ಮುಚ್ಚಿ. ಅಮ್ಮನ ಕಣ್ಣೆದುರಿಗೇ ಕುದಿಸಿದ್ರೆ ಅವರಿಗೂ ಸಮಾಧಾನ. ಬೆಳಗ್ಗೆ ಒಂದು ಫ್ಲಾಸ್ಕ್ ಬಿಸಿನೀರು ಮಾತ್ರ ಕಾಯಿಸಿಕೊಡಿ.

ನಮ್ಮ ಊಟಕ್ಕೆ ನೀರು ಜಾಸ್ತಿ ಹೋಗೋದು ಬೇಯಿಸೋದಕ್ಕಲ್ಲ, ತೊಳೆಯೋದಕ್ಕೆ. ಅಕ್ಕಿ ಮೂರು ಸಲ ತೊಳೆದ್ರೆ ಮೂರು ಲೀಟರ್, ಸಾರಿನ ಪಾತ್ರೆ, ಒಗ್ಗರಣೆ ಸೌಟು, ಆರು ತಟ್ಟೆ, ಲೋಟ ಅಂತ ಸೇರಿಸಿದ್ರೆ ಒಂದು ಹೊತ್ತಿಗೆ ಎಂಟು ಹತ್ತು ಲೀಟರ್. ನಾನು ಅಕ್ಕಿ ಮನೆಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ ಒಯ್ತೀನಿ. ಪುಳಿಯೋಗರೆ ಗೊಜ್ಜು ಇದ್ರೆ ಅನ್ನ ಒಂದೇ ಪಾತ್ರೆ. ಬೆಳಗ್ಗೆಗೆ ಗೊಜ್ಜವಲಕ್ಕಿ, ಅದಕ್ಕೆ ಒಂದೆರಡು ಲೋಟ ನೀರು ಸಾಕು. ಚಪಾತಿ, ಚಟ್ನಿಪುಡಿ, ಮೊಸರು ಐಸ್ ಪೆಟ್ಟಿಗೆಯಲ್ಲಿ. ಇಂಡಿಯನ್ ಸ್ಟೋರ್‌ನಲ್ಲಿ ಸಿಗೋ ಮುತ್ತುಗದ ಎಲೆ ತಟ್ಟೆ ತಗೊಂಡು ಹೋಗಿ. ಪಾತ್ರೆಯನ್ನ ಮೊದಲು ಪೇಪರ್‌ನಲ್ಲಿ ಒರೆಸಿ, ಆಮೇಲೆ ಒಂದು ಲೋಟ ಬಿಸಿನೀರಲ್ಲಿ ತೊಳೀರಿ. ಎರಡು ದಿನ ಹೀಗೆ ಮಾಡಿದ್ರೆ ಅಡುಗೆಗೂ ಪಾತ್ರೆಗೂ ಸೇರಿ ಒಂದೇ ಕ್ಯಾನ್. ನಲ್ಲಿ ಇರೋ ಕ್ಯಾಂಪ್‌ಗ್ರೌಂಡಲ್ಲೂ ನಲ್ಲಿ ಕೆಳಗೆ ಪಾತ್ರೆ ಇಟ್ಟು ಉಜ್ಜಬೇಡಿ, ಅನ್ನದ ಅಗುಳು ಬಿದ್ದ ಕಡೆ ಪ್ರಾಣಿ ಬರತ್ತೆ. ಮುಂದಿನವರು ಕುಡಿಯೋ ನೀರು ಹಿಡಿಯೋದೂ ಅಲ್ಲೇ.

ಹಾಸನದ ಮಗಳು:

ಎಲ್ಲರಿಗೂ ತಿಳಿಸಬೇಕು ಅಂತ ಬಂದ ಮರುದಿನವೇ ಬರೀತಿದ್ದೀನಿ. ಆರು ಕ್ಯಾನ್ ಒಯ್ದಿದ್ವಿ. ಮೂರು ಕುಡಿಯೋಕೆ, ಅದರಲ್ಲಿ ಒಂದು ಅಮ್ಮನ ಜೀರಿಗೆ ನೀರು. ಒಂದು ಅಡುಗೆಗೆ. ಎರಡು ನೀಲಿ ಕ್ಯಾನ್ ತೊಳೆಯೋಕೆ. ನಾಲ್ಕು ಡಿಕ್ಕಿಯಲ್ಲಿ, ಎರಡು ಹಿಂದಿನ ಸೀಟಿನ ಕಾಲ ಬಳಿ, ಗದಗದ ಅಣ್ಣ ಹೇಳಿದ ಹಾಗೆ ಬೇರೆ ಬೇರೆ.

ಮೊದಲು ಖಾಲಿಯಾಗಿದ್ದು ನೀಲಿ ಕ್ಯಾನ್‌ಗಳೇ. ಎರಡನೇ ದಿನ ಮಧ್ಯಾಹ್ನಕ್ಕೆ ಎರಡೂ ಮುಗಿದವು. ನಾನು ಅಳೆದು ಕೊಡೋಕೆ ಹೋಗಲಿಲ್ಲ. ನಮ್ಮೆಜಮಾನ್ರು ಹಿಡನ್ ವ್ಯಾಲಿ ನೋಡಿಕೊಂಡು ಬರುವಾಗ ಪಶ್ಚಿಮ ಗೇಟಿನ ತನಕ ಹೋಗಿ ತುಂಬಿಸಿಕೊಂಡು ಬಂದ್ರು, ಹೋಗಿ ಬರೋಕೆ ಒಂದೂವರೆ ಗಂಟೆ ಆಯ್ತು. ಕುಡಿಯೋ ನೀರು ಮಾತ್ರ ಅರ್ಧ ಕ್ಯಾನ್‌ಗಿಂತ ಹೆಚ್ಚು ಉಳೀತು, ಯಾಕಂದ್ರೆ ಚಳಿಗೆ ಯಾರೂ ತಾವಾಗೇ ಕುಡೀತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಫೋನಿನಲ್ಲಿ ಅಲಾರಂ ಇಟ್ಟು ಎಲ್ಲರಿಗೂ ಒಂದೊಂದು ಲೋಟ ಕುಡಿಸಿದೆ. ಅಪ್ಪ ರಾತ್ರಿ ಹನ್ನೊಂದಕ್ಕೆ ಎದ್ದು, ಚೊಂಬು ಹಿಡಿದು ಟಾರ್ಚ್ ಹಾಕ್ಕೊಂಡು ತಾವೇ ಹೋಗಿ ಬಂದ್ರು. ಬಂದವರು ಒಳಗೆ ಬರದೆ ಹೊರಗೇ ಕುರ್ಚಿ ಹಾಕ್ಕೊಂಡು ನಕ್ಷತ್ರ ನೋಡ್ತಾ ಕೂತಿದ್ರು. ನಮ್ಮೂರಲ್ಲಿ ಲೈಟ್ ಬರೋಕೆ ಮುಂಚೆ ಹೀಗೇ ಕಾಣ್ತಿತ್ತು ಅಂದ್ರು.

ಕೊನೇ ದಿನ ಹೊರಡುವಾಗ ಪಕ್ಕದ ಸೈಟಿಗೆ ಇಬ್ಬರು ಕಾಲೇಜು ಹುಡುಗರು ಬಂದ್ರು, ಕೈಯಲ್ಲಿ ಎರಡೆರಡು ಬಾಟಲಿ ಅಷ್ಟೇ. ನಲ್ಲಿ ಎಲ್ಲಿದೆ ಅಂತ ಕೇಳಿದ್ರು. ಉಳಿದ ಅರ್ಧ ಕ್ಯಾನ್ ಕ್ಯಾನ್ ಸಮೇತ ಅವರಿಗೇ ಕೊಟ್ಟು ಬಂದ್ವಿ.

ಗದಗದಾಂವ:

ಭಾಳ ಚಲೋ ಮಾಡಿದ್ರಿ ಅಕ್ಕಾರ. ನಾವು ಮಾರ್ಚದಾಗ ಕಾಟನ್‌ವುಡ್‌ಗೆ ಹೊಂಟೇವಿ, ಹೂ ನೋಡಾಕ. ಅಲ್ಲಿ ನಲ್ಲಿ ಐತಿ ಅಂತ ಮ್ಯಾಲೆ ಬರದಾರ, ಆದ್ರೂ ಹಿಂದಿನ ದಿನ ಫೋನ್ ಮಾಡಿ ಎರಡೂ ಪ್ರಶ್ನಿ ಕೇಳತೇನಿ. ನೀಲಿ ಕ್ಯಾನ್ ಎಷ್ಟ ಲೀಟರಿಂದು, ತಿರುಪ ನಲ್ಲಿ ಸೋರತಿತ್ತೇನು?

ಹಾಸನದ ಮಗಳು:

19 ಲೀಟರಿನದು ಅಣ್ಣ. ಒಂದು ಸೋರ್ತಿತ್ತು, ರಬ್ಬರ್ ವಾಷರ್ ಸಡಿಲ ಇತ್ತು. ಮನೆಯಲ್ಲೇ ಒಂದು ರಾತ್ರಿ ತುಂಬಿಸಿ, ನಲ್ಲಿ ಕೆಳಗೆ ಬರೋ ಹಾಗೆ ಮಲಗಿಸಿಟ್ಟು ನೋಡಿದ್ದಕ್ಕೆ ಗೊತ್ತಾಯ್ತು. ನೀವೂ ಹಾಗೇ ನೋಡ್ಕೊಂಡು ಹೊರಡಿ.